ರೋಗಿಯ ದಾಖಲೆ ಯಾರ ಸ್ವತ್ತು?

ಈ ವರ್ಷ ನಮ್ಮ ಕಾಲೇಜಿನ ಚರ್ಚಾಕೂಟದಲ್ಲಿ “ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕಾಗದದ ದಾಖಲೆಗಳನ್ನು ತೆಗೆದುಹಾಕಿ ಕಂಪ್ಯೂಟರಿನ ದಾಖಲೆಗಳನ್ನೇ ಇಡತಕ್ಕದ್ದು” ಎಂಬ ವಿಷಯವನ್ನು ಕೊಟ್ಟಿದ್ದರು. ವಿಷಯದ ಪರವಾಗಿ ಮಾತನಾಡಬೇಕೆಂದು ನನ್ನ ಪಾಲಿಗೆ ಚೀಟಿ ಬಂದಿತು. ಎದುರು ಪಕ್ಷದವರು ಸಭೆಯನ್ನು ಚೆನ್ನಾಗಿ ನಗಿಸಿ ಬಹುಮಾನವನ್ನು ಹೊತ್ತುಕೊಂಡು ಹೋದರು. ನನಗೆ ಐದು ನಿಮಿಷಕ್ಕೆ ಸರಿಯಾಗಿ ಗಂಟೆ ಬಾರಿಸಿದರು. ಸೋತವನಿಗೆ ಹೇಳಬೇಕಾದ ಮಾತು ಯಾವಾಗಲೂ ಉಳಿದೇ ಇರುತ್ತದೆಯಷ್ಟೆ. ಸಂಪಾದಕ ಮಂಡಲಿಯವರು ದಯವಿಟ್ಟು ಜಾಗ ಕೊಟ್ಟದ್ದರಿಂದ ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಆದರೆ ಅಂದು ನಾನು ಎಷ್ಟು ಗಟ್ಟಿಯಾಗಿ ಪರವಾಗಿದ್ದೆನೋ ಇಂದು ಅಷ್ಟು ಗಟ್ಟಿಯಾಗಿಲ್ಲ. ಅದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು.

ಈ ವಿಷಯ ನನಗೆ ಪುಸ್ತಕದಿಂದ ಬಂದುದಲ್ಲ, ಅಜ್ಜಿಯಿಂದ ಬಂದುದು. ನಮ್ಮ ಅಜ್ಜಿ ಕೃಷ್ಣರಾಜಪೇಟೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿದ್ದಾರೆ. ವಯಸ್ಸೆಷ್ಟೆಂದು ಕೇಳಿದರೆ “ಗಾಂಧಿ ಸತ್ರಲ್ಲ, ಅದರ ಮಾರನೇ ವರ್ಸದ ಸುಗ್ಗೀಲಿ ಹುಟ್ದೋಳಂತೆ ಕಣಪ್ಪ” ಎನ್ನುತ್ತಾರೆ. ಆಧಾರ್ ಕಾರ್ಡಿನಲ್ಲಿ ಮಾತ್ರ, ನಮ್ಮೂರಿನ ಅರ್ಧ ಮುದುಕರ ಹಾಗೆ, ಜನವರಿ 1ರಂದು ಹುಟ್ಟಿದ್ದಾರೆ. ಅವರಿಗೆ ಸಕ್ಕರೆ ಕಾಯಿಲೆಯೂ ಇದೆ, ಬಿ.ಪಿ.ಯೂ ಇದೆ. ಅವರ ವೈದ್ಯಕೀಯ ದಾಖಲೆಗಳೆಲ್ಲ ಒಂದು ಸೀರೆ ಅಂಗಡಿಯ ಕೈಚೀಲದಲ್ಲಿ, ನಡುಮನೆಯ ಕಂಬದ ಮೊಳೆಗೆ ತೂಗಿಕೊಂಡಿರುತ್ತವೆ. ಅದರೊಳಗೆ ಆರೋಗ್ಯ ಕೇಂದ್ರದ ಹಳದಿ ಚೀಟಿ, ಸಂತೆಯ ದಿನ ಹೋಗಿ ತೋರಿಸಿಕೊಂಡು ಬರುವ ಪೇಟೆಯ ಕ್ಲಿನಿಕ್ಕಿನ ಬಿಳಿ ಚೀಟಿ, ಮೈಸೂರಿನಲ್ಲಿರುವ ನಮ್ಮ ಮಾವ ಒಮ್ಮೆ ಕರೆದೊಯ್ದು ಮಾಡಿಸಿದ ಇ.ಸಿ.ಜಿ. ಪಟ್ಟಿ, ಯಾವುದೋ ಶಿಬಿರದವರು ಕೊಟ್ಟ ಕಣ್ಣಿನ ಚೀಟಿ. ಮಳೆಗಾಲದಲ್ಲಿ ಹೆಂಚು ಸೋರಿ ಅರ್ಧದಷ್ಟು ಅಕ್ಷರಗಳು ನೀಲಿ ನೀರಾಗಿದ್ದವು.

ಎರಡು ವರ್ಷದ ಹಿಂದೆ ಕಾರ್ತಿಕದಲ್ಲಿ ಅಜ್ಜಿ ಬಚ್ಚಲುಮನೆಯ ಹೊಸ್ತಿಲಲ್ಲಿ ತಲೆಸುತ್ತಿ ಬಿದ್ದು ಸೊಂಟದ ಮೂಳೆ ಮುರಿಯಿತು. ದೊಡ್ಡ ಆಸ್ಪತ್ರೆಗೆ ಹೊತ್ತುಕೊಂಡು ಹೋದೆವು. ಅಲ್ಲಿ ಮೀಸೆಯೂ ಸರಿಯಾಗಿ ಬಾರದ ಒಬ್ಬ ಹೌಸ್ ಸರ್ಜನ್ ಕೈಚೀಲವನ್ನು ಬಿಚ್ಚಿ, ಚೀಟಿಗಳನ್ನೆಲ್ಲ ಹಾಸಿಗೆಯ ಮೇಲೆ ಇಸ್ಪೀಟಿನ ಎಲೆಗಳಂತೆ ಹರಡಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಎರಡು ಚೀಟಿಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ನನ್ನನ್ನು ಕರೆದು ತೋರಿಸಿದರು. ಅಮ್ಲೋಡಿಪಿನ್ ಎಂಬ ಒಂದೇ ಔಷಧವನ್ನು ಒಂದು ಕಡೆ ಅದರ ಸಾದಾ ಹೆಸರಿನಲ್ಲಿಯೂ, ಇನ್ನೊಂದು ಕಡೆ ಬೇರೊಂದು ಮದ್ದಿನ ಜೊತೆ ಬೆರೆಸಿದ ಕಂಪನಿಯ ಹೆಸರಿನಲ್ಲಿಯೂ ಬರೆದುಕೊಟ್ಟಿದ್ದರು. ಅಜ್ಜಿ ನಾಲ್ಕು ತಿಂಗಳಿಂದ ಎರಡನ್ನೂ ಶ್ರದ್ಧೆಯಿಂದ ನುಂಗುತ್ತಿದ್ದರು. ಬಿದ್ದದ್ದು ಅದರಿಂದಲೇ ಎಂದು ಆ ಯುವಕ ಹೇಳಲಿಲ್ಲ. ಇರಬಹುದು, ವಯಸ್ಸಿನಿಂದಲೂ ಇರಬಹುದು ಎಂದರು. ನಾನೂ ಯಾರನ್ನೂ ದೂರುತ್ತಿಲ್ಲ. ಇಬ್ಬರು ವೈದ್ಯರೂ ತಮ್ಮ ತಮ್ಮ ಮಟ್ಟಿಗೆ ಸರಿಯಾದ ಮದ್ದನ್ನೇ ಕೊಟ್ಟಿದ್ದರು. ಎರಡು ಚೀಟಿಗಳೂ ಒಂದೇ ಚೀಲದಲ್ಲಿದ್ದವು, ಆದರೆ ಅವೆರಡನ್ನೂ ಜೊತೆಯಲ್ಲಿಟ್ಟು ಓದಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ.

ನಮ್ಮ ಪಾಂಡವಪುರ ಉಪವಿಭಾಗದ ನಾಲ್ಕು ತಾಲ್ಲೂಕುಗಳಲ್ಲಿ, ಎಂದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳಲ್ಲಿ, ಇದು ಒಬ್ಬ ಅಜ್ಜಿಯ ಕಥೆಯಲ್ಲ. ಭೂಪಟವನ್ನು ತೆಗೆದು ನೋಡಿದರೆ ತಿಳಿಯುತ್ತದೆ. ನಮ್ಮ ಜಿಲ್ಲಾ ಕೇಂದ್ರ ಮಂಡ್ಯ. ಆದರೆ ಶ್ರೀರಂಗಪಟ್ಟಣದವರಿಗೆ ಜ್ವರ ಜಾಸ್ತಿಯಾದರೆ ಮೈಸೂರು ಹತ್ತಿರ. ಕೃಷ್ಣರಾಜಪೇಟೆಯ ಬಡಗಣ ಹಳ್ಳಿಗಳವರು ಚನ್ನರಾಯಪಟ್ಟಣಕ್ಕೋ ಹಾಸನಕ್ಕೋ ಹೋಗುತ್ತಾರೆ. ನಾಗಮಂಗಲದವರಿಗೆ ಬೆಳ್ಳೂರಿನ ಪಕ್ಕದಲ್ಲಿಯೇ ಆದಿಚುಂಚನಗಿರಿಯ ವೈದ್ಯಕೀಯ ಕಾಲೇಜು ಇದೆ. ಮಕ್ಕಳು ಬೆಂಗಳೂರಿನಲ್ಲಿರುವವರು ಬೆಂಗಳೂರಿಗೇ ಹೋಗುತ್ತಾರೆ. ಇನ್ನು ನಮ್ಮ ತಾಲ್ಲೂಕಿನ ಎಷ್ಟೋ ಮನೆಗಳವರು ಹೊಟ್ಟೆಪಾಡಿಗೆ ಮುಂಬಯಿ ಸೇರಿದವರು. 2020ರ ಮೇ ತಿಂಗಳಲ್ಲಿ ಅವರು ಕೊರೋನಾ ಕಾಲಕ್ಕೆ ಊರಿಗೆ ಹಿಂದಿರುಗಿದಾಗ ಕೃಷ್ಣರಾಜಪೇಟೆ, ನಾಗಮಂಗಲಗಳ ಹೆಸರು ದಿನವೂ ಪತ್ರಿಕೆಯಲ್ಲಿ ಬಂದದ್ದು ವಾಚಕರಿಗೆ ಮರೆತಿರಲಾರದು. ಹೀಗೆ ಕಾಯಿಲೆಯವನು ನಾಲ್ಕೂ ದಿಕ್ಕಿಗೆ ಓಡಾಡುತ್ತಾನೆ, ಅವನ ಕಾಗದ ಮಾತ್ರ ಎಲ್ಲಿ ಹುಟ್ಟಿತೋ ಅಲ್ಲಿಯೇ ಉಳಿಯುತ್ತದೆ. ಜೊತೆಗೆ ಹೋದರೂ ಅರ್ಧ ದಾರಿಯಲ್ಲಿ ಒದ್ದೆಯಾಗುತ್ತದೆ.

ಪ್ರಾಥಮಿಕ ಆರೋಗ್ಯ ಕೇಂದ್ರವೆಂಬ ಕಲ್ಪನೆ ನಮ್ಮ ದೇಶಕ್ಕೆ ಭೋರ್ ಸಮಿತಿಯ 1946ರ ವರದಿಯಿಂದ ಬಂದಿತು. 1952ರಲ್ಲಿ ಸಮುದಾಯ ಅಭಿವೃದ್ಧಿ ಯೋಜನೆಯೊಡನೆ ಕೇಂದ್ರಗಳು ಏಳತೊಡಗಿದವು. ಬಯಲುಸೀಮೆಯಲ್ಲಿ 5,000 ಜನಕ್ಕೆ ಒಂದು ಉಪಕೇಂದ್ರ, 30,000 ಜನಕ್ಕೆ ಒಂದು ಪ್ರಾಥಮಿಕ ಕೇಂದ್ರವೆಂಬುದು ಸರ್ಕಾರದ ಲೆಕ್ಕ. ಮೂವತ್ತು ಸಾವಿರ ಮಂದಿಯ ಕಷ್ಟಸುಖವನ್ನು ಒಬ್ಬ ಡಾಕ್ಟರು ನೆನಪಿನಲ್ಲಿಟ್ಟುಕೊಳ್ಳುವುದು ಧನ್ವಂತರಿಗೂ ಸಾಧ್ಯವಿಲ್ಲ. ನೆನಪಿಗೆ ಬದಲಾಗಿ ಬರವಣಿಗೆ ಬೇಕು. ಆದರೆ ನಾವು ಕಾಣುವ ಬರವಣಿಗೆ ಎಂಥದು? ಬಂದವನ ಹೆಸರು, ವಯಸ್ಸು, “ಜ್ವರ, ಕೆಮ್ಮು”, ಮೂರು ದಿನದ ಮಾತ್ರೆ. ಹೊರರೋಗಿಗಳ ಪುಸ್ತಕವು ಬಂದವರನ್ನು ಬಲ್ಲದು, ಬಾರದವರನ್ನು ಅರಿಯದು. ಬಿ.ಪಿ., ಸಕ್ಕರೆಯಂಥ ಕಾಯಿಲೆಗಳಲ್ಲಿ ಸಾಯುವವನು ಬಾರದವನೇ.

ಇಲ್ಲಿ ಜೂಲಿಯನ್ ಟ್ಯೂಡರ್ ಹಾರ್ಟ್ ಎಂಬ ವೈದ್ಯರ ವಿಷಯವನ್ನು ಹೇಳಬೇಕು. ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿ ಗ್ಲಿನ್‌ಕಾರಗ್ ಎಂಬ ಕಲ್ಲಿದ್ದಲು ಗಣಿಯ ಹಳ್ಳಿಯಲ್ಲಿ ಅವರು ವೈದ್ಯರಾಗಿದ್ದರು. 1960ರ ದಶಕದ ಕೊನೆಯಲ್ಲಿ ಅವರು ತಮ್ಮ ಹಳ್ಳಿಯ ವಯಸ್ಕರಲ್ಲಿ ಹೆಚ್ಚು ಕಡಮೆ ಎಲ್ಲರ ರಕ್ತದೊತ್ತಡವನ್ನೂ, ಕಾಯಿಲೆಯೆಂದು ಬಂದವರದು ಮಾತ್ರವಲ್ಲ, ಅಳೆದು ಬರೆದಿಟ್ಟರು. ಬಾರದೆ ಉಳಿದವರು ಯಾರೆಂದು ಪಟ್ಟಿಯಿಂದ ಕಂಡುಹಿಡಿದು ಹುಡುಕಿಕೊಂಡು ಹೋದರು. ಇದನ್ನೆಲ್ಲ ಅವರು ಮೊದಲು ಮಾಡಿದ್ದು ಕಾಗದದಲ್ಲಿ. ಎಂದಮೇಲೆ ಯಂತ್ರವಿಲ್ಲದೆ ಆಗದು ಎಂಬುದು ಸುಳ್ಳು. ಆದರೆ ಎರಡು ಸಾವಿರದ ಹಳ್ಳಿಗೆ ಕಾಗದ ಸಾಕಾಗಬಹುದು, ಮೂವತ್ತು ಸಾವಿರದಲ್ಲಿ “ಮೂರು ತಿಂಗಳಿಂದ ಮಾತ್ರೆಗೆ ಬಾರದವರು ಯಾರು?” ಎಂದು ಕೇಳಿದರೆ, ಆ ಪ್ರಶ್ನೆಗೆ ಪುಸ್ತಕ ತಿರುವಿ ಉತ್ತರ ಹೇಳುವ ಹೊತ್ತಿಗೆ ಇನ್ನೊಂದು ಮೂರು ತಿಂಗಳಾಗಿರುತ್ತದೆ. ಕಂಪ್ಯೂಟರಿನ ನಿಜವಾದ ಉಪಯೋಗ ಇದೊಂದೇ ಎಂದು ನನಗೆ ತೋರುತ್ತದೆ. ಅಚ್ಚುಕಟ್ಟಾದ ಅಕ್ಷರ, ಬಣ್ಣದ ಪರದೆ, ಕ್ಯೂ ಇಲ್ಲದ ಟೋಕನ್ನು ಇವೆಲ್ಲ ಮೇಲಿನ ಒಗ್ಗರಣೆ.

ಚರ್ಚಾಕೂಟದಲ್ಲಿ ಎದುರು ಪಕ್ಷದ ಮುಖ್ಯ ಬಾಣವೆಂದರೆ “ಕಾಗದ ಬಾಳುತ್ತದೆ, ಯಂತ್ರ ಸಾಯುತ್ತದೆ” ಎಂಬುದು. ಅಂದು ನನಗೆ ಉತ್ತರ ಹೊಳೆಯಲಿಲ್ಲ. ಇಂದು ಯೋಚಿಸಿದರೆ ಅವರ ಪರವಾಗಿ ಇನ್ನೂ ದೊಡ್ಡ ಸಾಕ್ಷಿಯನ್ನು ನಾನೇ ಕೊಡಬಲ್ಲೆ. ಅದು ನಮ್ಮಿಂದ ಒಂದು ಬಸ್ಸಿನ ದೂರದಲ್ಲಿದೆ. ಮೈಸೂರಿನಲ್ಲಿ 1906ರಲ್ಲಿ ಆರಂಭವಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ನಮ್ಮ ಕಡೆಯವರ ಬಾಯಲ್ಲಿ ಮಿಷನ್ ಆಸ್ಪತ್ರೆ, ಎಷ್ಟೋ ಹಳ್ಳಿಗಳ ಬಾಣಂತಿಯರನ್ನು ಕಂಡದ್ದು. ಅಲ್ಲಿ 1934ರಿಂದ ಹುಟ್ಟಿದ ಪ್ರತಿ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಾದಿಯರು ಅಳೆದು ಬರೆದಿಡುತ್ತಿದ್ದರು. ಯಾಕೆ ಬರೆಯಬೇಕೆಂದು ಅವರಿಗೆ ಯಾರಾದರೂ ಹೇಳಿದ್ದರೋ ಇಲ್ಲವೋ, ಬರೆದರು. ಅರವತ್ತು ವರ್ಷಗಳಾದ ಮೇಲೆ ಇಂಗ್ಲೆಂಡಿನ ಸೌತಾಂಪ್ಟನ್ನಿನ ಸಂಶೋಧಕರು ಆ ಪುಸ್ತಕಗಳನ್ನು ಹಿಡಿದು, 1934ರಿಂದ 1954ರೊಳಗೆ ಅಲ್ಲಿ ಹುಟ್ಟಿ ಇನ್ನೂ ಮೈಸೂರಿನ ಸುತ್ತಮುತ್ತ ಇದ್ದ 517 ಜನರನ್ನು ಪತ್ತೆಮಾಡಿ ಪರೀಕ್ಷಿಸಿದರು. ಹುಟ್ಟುವಾಗ ಐದೂವರೆ ಪೌಂಡು ಅಥವಾ ಅದಕ್ಕೂ ಕಡಮೆ ತೂಗಿದ್ದವರಲ್ಲಿ, ವಯಸ್ಸಾದಮೇಲೆ, ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು. ಏಳು ಪೌಂಡು ಅಥವಾ ಹೆಚ್ಚು ತೂಗಿದ್ದವರಲ್ಲಿ ನೂರಕ್ಕೆ ಮೂವರಿಗೆ ಮಾತ್ರ. 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಬಸುರಿ ಹೊಟ್ಟೆತುಂಬ ಉಣ್ಣದಿದ್ದರೆ ಅದರ ಸಾಲವನ್ನು ಮಗ ಐವತ್ತರ ವಯಸ್ಸಿನಲ್ಲಿ ಎದೆಯಲ್ಲಿ ತೀರಿಸಬೇಕಾಗಬಹುದು ಎಂಬ ಮಾತಿಗೆ ಜಗತ್ತು ಕಿವಿಗೊಟ್ಟದ್ದರಲ್ಲಿ ಮೈಸೂರಿನ ದಾದಿಯರ ಮಸಿಗೂ ಪಾಲಿದೆ.

ಈಗ ಕೇಳುತ್ತೇನೆ: ಇಂದು ನಮ್ಮ ಕೇಂದ್ರದಲ್ಲಿ ಕಂಪ್ಯೂಟರಿಗೆ ಏರಿಸಿದ ಕೂಸಿನ ತೂಕವನ್ನು 2085ರಲ್ಲಿ ಓದಬಲ್ಲವರು ಇರುತ್ತಾರೆಯೆ? ತಾಯಿ-ಮಗುವಿನ ಗಣಕೀಕೃತ ದಾಖಲೆ ನಮ್ಮ ದೇಶದಲ್ಲಿ 2009ರಲ್ಲಿ ಒಂದು ಹೆಸರಿನಿಂದ ಆರಂಭವಾಗಿ, ಕೆಲವೇ ವರ್ಷಗಳಲ್ಲಿ ಆರ್.ಸಿ.ಎಚ್. ಪೋರ್ಟಲ್ ಎಂಬ ಇನ್ನೊಂದು ಹೆಸರಿಗೆ ಬಂದಿತು. ಕ್ಷಯಕ್ಕೆ 2012ರಲ್ಲಿ ‘ನಿಕ್ಷಯ್’ ಬಂದಿತು. ಬಿ.ಪಿ., ಸಕ್ಕರೆಗೆ ಬೇರೆ ಪೋರ್ಟಲ್ಲು, ದೂರವಾಣಿ ವೈದ್ಯಕ್ಕೆ ‘ಇ-ಸಂಜೀವಿನಿ’ ಬೇರೆ. ಒಬ್ಬಳೇ ಹೆಂಗಸಿಗೆ ಬಸಿರೂ ಸಕ್ಕರೆಯೂ ಕ್ಷಯವೂ ಇದ್ದರೆ ಅವಳು ಮೂರು ಮನೆಗಳಲ್ಲಿ ಮೂರು ಹೆಂಗಸಾಗಿ ವಾಸಿಸುತ್ತಾಳೆ! ಸೀರೆ ಅಂಗಡಿಯ ಚೀಲದಲ್ಲಿ ಕಡೇಪಕ್ಷ ಎಲ್ಲವೂ ಒಂದೇ ಕಡೆ ಇದ್ದವು. 2020ರ ಸ್ವಾತಂತ್ರ್ಯ ದಿನದಂದು ಘೋಷಿಸಿ 2021ರ ಸೆಪ್ಟೆಂಬರಿನಲ್ಲಿ ದೇಶಕ್ಕೆಲ್ಲ ವಿಸ್ತರಿಸಿದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಈ ರೋಗಕ್ಕೇ ಮದ್ದೆಂದು ಹೇಳುತ್ತದೆ. ಪ್ರತಿಯೊಬ್ಬನಿಗೂ ‘ಆಭಾ’ ಎಂಬ 14 ಅಂಕಿಯ ಒಂದು ಸಂಖ್ಯೆ. ಕಾಗದಗಳು ಹುಟ್ಟಿದ ಆಸ್ಪತ್ರೆಯಲ್ಲೇ ಇರಲಿ, ರೋಗಿ ಒಪ್ಪಿದಾಗ ಮಾತ್ರ ಆ ಸಂಖ್ಯೆಯ ಮೂಲಕ ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಾಣಿಸಲಿ ಎಂಬುದು ಅದರ ಕ್ರಮ. ಕ್ರಮವೇನೋ ಚೆನ್ನಾಗಿದೆ. ಆದರೆ ಅಜ್ಜಿಗೆ ಎರಡನೆಯ ಮಾತ್ರೆಯನ್ನು ಬರೆದುಕೊಟ್ಟ ಪೇಟೆಯ ಕ್ಲಿನಿಕ್ಕಿನ ಮೇಜಿನ ಮೇಲೆ ಇಂದಿಗೂ ಇರುವುದು ಬಿಳಿ ಚೀಟಿಯ ಕಟ್ಟು ಮತ್ತು ಒಂದು ಬಾಲ್‌ಪೆನ್ನು. ಸರ್ಕಾರಿ ಕೇಂದ್ರ ಮಾತ್ರ ಯಂತ್ರವನ್ನೇರಿ ಕುಳಿತರೆ ಅರ್ಧ ಮದುವೆ ಮಾಡಿದಂತೆ.

ಇನ್ನು ಬರೆಯುವವರ ವಿಷಯ. ನಮ್ಮ ಚಿಕ್ಕಮ್ಮ ನಾಗಮಂಗಲ ತಾಲ್ಲೂಕಿನಲ್ಲಿ ಆಶಾ ಕಾರ್ಯಕರ್ತೆ. ರಜೆಯಲ್ಲಿ ಅವರ ಮನೆಗೆ ಹೋದಾಗ ಒಂದು ದಿನವೆಲ್ಲ ಅವರ ಹಿಂದೆ ಸುತ್ತಿದೆ. ಬೆಳಿಗ್ಗೆ ಒಬ್ಬ ಬಸುರಿಯ ಮನೆ. ಅಲ್ಲಿ ತಾಯಿ ಕಾರ್ಡಿನಲ್ಲಿ ಒಂದು ಸಲ ಬರೆದರು. ಹೊರಗೆ ಜಗಲಿಯಲ್ಲಿ ಕೂತು ತಮ್ಮ ಡೈರಿಯಲ್ಲಿ ಅದನ್ನೇ ಬರೆದರು. ಸಂಜೆ ಉಪಕೇಂದ್ರದ ಸಿಸ್ಟರ್ ಹತ್ತಿರ ಹೋಗಿ ದಪ್ಪ ರಿಜಿಸ್ಟರಿನಲ್ಲಿ ಬರೆಸಿದರು. ಆಮೇಲೆ ಫೋನಿನಲ್ಲಿ ತುಂಬಬೇಕು. ಊರೊಳಗೆ ಸಿಗ್ನಲ್ ಇಲ್ಲ, ಕೆರೆಯ ಏರಿ ಹತ್ತಬೇಕು. ಕತ್ತಲಲ್ಲಿ ಏರಿಯ ಮೇಲೆ ನಿಂತು, ಕಣ್ಣಿಗೆ ಹತ್ತಿರ ಫೋನು ಹಿಡಿದು, ಅದೇ ತೂಕ ಅದೇ ಬಿ.ಪಿ.ಯನ್ನು ನಾಲ್ಕನೆಯ ಸಲ ಒತ್ತುತ್ತಿದ್ದ ಚಿಕ್ಕಮ್ಮನನ್ನು ಕಂಡು ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. “ಯಾಕ್ ಚಿಕ್ಕಮ್ಮ, ನಾಳೆ ಮಾಡಬಾರದಾ?” ಎಂದೆ. “ಏರಿಸದೆ ಇದ್ರೆ ದುಡ್ಡು ಬರಲ್ಲ ಕಣೋ. ನಾನು ಮನೆಮನೆಗೆ ಹೋಗಿದ್ದು ಆ ಕೆರೆಗೆ ಗೊತ್ತು, ಪೋರ್ಟಲ್ಲಿಗೆ ಗೊತ್ತಾಗಬೇಕಲ್ಲ” ಎಂದರು. 2025ರ ಜನವರಿಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಧರಣಿ ಕುಳಿತಾಗ ಗೌರವಧನದ ಜೊತೆಗೆ ಈ ಪೋರ್ಟಲ್ಲಿನ ಮಾತೂ ಅವರ ಬೇಡಿಕೆಯಲ್ಲಿತ್ತು.

ಕಂಪ್ಯೂಟರು ಬಂದರೆ ಕೆಲಸ ಕಡಮೆಯಾಗುತ್ತದೆ ಎಂದು ಚರ್ಚಾಕೂಟದಲ್ಲಿ ನಾನು ಹೇಳಿದ್ದೆ. ಚಿಕ್ಕಮ್ಮ ಸಭೆಯಲ್ಲಿ ಇರಲಿಲ್ಲವಾದ್ದರಿಂದ ಮಾನ ಉಳಿಯಿತು. ಮೂರು ಪುಸ್ತಕಗಳನ್ನು ತೆಗೆಯದೆ ನಾಲ್ಕನೆಯದಾಗಿ ಯಂತ್ರವನ್ನು ಇಟ್ಟರೆ ಅದು ನಾಲ್ಕನೆಯ ಪುಸ್ತಕವೇ ಹೊರತು ಬೇರೇನಲ್ಲ. ದಣಿದ ಕೈ ಕೊನೆಗೆ ಏನು ಬರೆಯುತ್ತದೆಂದು ಎಲ್ಲರಿಗೂ ಗೊತ್ತು: ಹೋದ ತಿಂಗಳ ಬಿ.ಪಿ.ಯನ್ನೇ. ಎಲ್ಲರ ರಕ್ತದೊತ್ತಡವೂ 120ಕ್ಕೆ 80 ಇರುವ ಊರನ್ನು ದಾಖಲೆಯಲ್ಲಿ ಮಾತ್ರ ಕಾಣಬಹುದು.

ಡಾಕ್ಟರ ಕಣ್ಣು ಪರದೆಯ ಮೇಲಿದ್ದರೆ ರೋಗಿಯ ಮುಖ ನೋಡುವವರು ಯಾರು ಎಂದು ಎದುರು ಪಕ್ಷದವರು ಕೇಳಿದ ಪ್ರಶ್ನೆಗೆ ಭಾರಿ ಚಪ್ಪಾಳೆ ಬಿದ್ದಿತು. ನಾನು ಕಂಡಂತೆ, ಬೆಳಿಗ್ಗೆ ನೂರು ಜನರ ಸಾಲಿರುವ ಕಡೆ ಪರದೆ ಇಲ್ಲದೆಯೂ ಮುಖ ನೋಡುವ ಪದ್ಧತಿ ಕಡಮೆಯೇ. ಆ ವಿಷಯ ಅಷ್ಟಕ್ಕಿರಲಿ.

ನನ್ನ ಮನಸ್ಸನ್ನು ಬದಲಾಯಿಸಿದ್ದು ಬೇರೊಂದು ವಿಚಾರ. ದಾಖಲೆಗಳನ್ನು ಗಣಕಕ್ಕೆ ಏರಿಸುವುದರಲ್ಲಿ ನಮ್ಮ ರಾಜ್ಯಕ್ಕೆ ದೊಡ್ಡ ಹೆಸರಿದೆ. ಅದು ಪಹಣಿಯಿಂದ ಬಂದ ಹೆಸರು. ‘ಭೂಮಿ’ ಯೋಜನೆಯಲ್ಲಿ 177 ತಾಲ್ಲೂಕುಗಳ 67 ಲಕ್ಷ ರೈತರ ಸುಮಾರು ಎರಡು ಕೋಟಿ ಭೂದಾಖಲೆಗಳು ಕಂಪ್ಯೂಟರಿಗೆ ಏರಿದವು. ಶ್ಯಾನುಭೋಗರ, ಆಮೇಲೆ ಗ್ರಾಮಲೆಕ್ಕಿಗರ ಕೈಯಲ್ಲಿದ್ದ ಪಹಣಿ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಸಿಗುವಂತಾಯಿತು. ಏರಿಸುವಾಗ ಹೆಸರು ತಪ್ಪಾಗಿ, ಗುಂಟೆ ತಪ್ಪಾಗಿ, ತಿದ್ದಿಸಲು ವರ್ಷಗಟ್ಟಲೆ ತಿರುಗಿದವರೂ ನಮ್ಮಲ್ಲಿದ್ದಾರೆ. ಆದರೂ ಒಟ್ಟಿನಲ್ಲಿ ಅದು ರೈತನಿಗೆ ಒಳ್ಳೆಯದನ್ನೇ ಮಾಡಿತೆಂದು ನಮ್ಮ ತಂದೆಯವರ ಅಭಿಪ್ರಾಯ. ಅದೇ ಗುಂಗಿನಲ್ಲಿ ಈಗ ಎಲ್ಲರೂ “ಪಹಣಿ ಏರಿಸಿದ ಹಾಗೆ ರೋಗಿಯ ದಾಖಲೆಯನ್ನೂ ಏರಿಸೋಣ” ಎನ್ನುತ್ತಾರೆ. ಇಲ್ಲಿಯೇ ತಪ್ಪು. ಪಹಣಿಯ ಗುಣವೇ ಅದು ಎಲ್ಲರ ಕಣ್ಣಿಗೂ ಬೀಳುವುದು. ಪಕ್ಕದ ಹೊಲದವನು ನನ್ನ ಪಹಣಿಯನ್ನು ನೋಡಬಹುದು, ನೋಡಬೇಕು, ಬಚ್ಚಿಟ್ಟಷ್ಟೂ ಮೋಸ. ರೋಗಿಯ ದಾಖಲೆಯದು ಇದಕ್ಕೆ ನೇರ ಎದುರಾದ ಗುಣ. ಪಕ್ಕದ ಮನೆಯವನು ನೋಡಿದ ಕ್ಷಣದಲ್ಲೇ ಅದು ಕೆಟ್ಟಿತು. ಕ್ಷಯವಿದೆಯೆಂದು ತಿಳಿದರೆ ಹೆಣ್ಣಿಗೆ ಸಂಬಂಧ ಬಾರದ ಊರುಗಳು ನಮ್ಮವು.

ಇದು ಬರಿಯ ಊಹೆಯಲ್ಲ. 2020ರ ಮಾರ್ಚಿಯಲ್ಲಿ, ವಿದೇಶದಿಂದ ಬಂದು ಮನೆಯಲ್ಲಿ ಪ್ರತ್ಯೇಕವಾಗಿದ್ದವರ ವಿಳಾಸಗಳ ಪಟ್ಟಿಯನ್ನು ರಾಜ್ಯ ಸರ್ಕಾರವೇ ಜಾಲತಾಣದಲ್ಲಿ ಪ್ರಕಟಿಸಿತು. ಆ ಮೇ ತಿಂಗಳಲ್ಲಿ ನಾನು ಹೈಸ್ಕೂಲಿನಲ್ಲಿದ್ದೆ. ಮುಂಬಯಿಯಿಂದ ಬಂದವರ ಹೆಸರು, ಊರುಗಳು ಫೋನಿನಿಂದ ಫೋನಿಗೆ ಹಾರಾಡುತ್ತಿದ್ದವು. ನಮ್ಮ ಓರಗೆಯ ಒಬ್ಬ ಹುಡುಗನ ಮನೆಗೆ ಹಾಲು ಹಾಕುವವನು ಬರುವುದನ್ನು ನಿಲ್ಲಿಸಿದ. ಕಾಯಿಲೆ ವಾಸಿಯಾಗಿ ಎಷ್ಟೋ ದಿನಗಳಾದ ಮೇಲೂ ಹಾಲು ಬರಲಿಲ್ಲ. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಕಂಪ್ಯೂಟರುಗಳಿಗೇ ಕಳ್ಳರು ಬೀಗ ಜಡಿದು ಕೆಲವು ವಾರ ಕೈಬರಹದಲ್ಲಿ ಕೆಲಸ ನಡೆಸಬೇಕಾಯಿತು. ಫಿನ್ಲೆಂಡಿನಲ್ಲಿ 2020ರಲ್ಲಿ ಒಂದು ಮನೋಚಿಕಿತ್ಸಾ ಸಂಸ್ಥೆಯ ದಾಖಲೆಗಳನ್ನು ಕದ್ದವನು ರೋಗಿಗಳಿಗೇ ಪತ್ರ ಬರೆದು “ಹಣ ಕೊಡಿ, ಇಲ್ಲವಾದರೆ ನಿಮ್ಮ ಗುಟ್ಟು ಬಯಲು” ಎಂದು ಹೆದರಿಸಿದ. ಕಾಗದವನ್ನು ಕದಿಯಬೇಕಾದರೆ ಬೀರು ಒಡೆದು ಹೊರಬೇಕು. ಇದಕ್ಕೆ ಆ ಶ್ರಮವೂ ಇಲ್ಲ.

ನಮ್ಮ ಜಿಲ್ಲೆಯ ಮಟ್ಟಿಗೆ ಇದಕ್ಕಿಂತ ಹತ್ತಿರದ ಒಂದು ಗಾಯವಿದೆ. ಬರೆಯಲು ಸಂಕೋಚವಾದರೂ ಬರೆಯದೆ ಬಿಡಲಾರೆ. 2023ರ ಕೊನೆಯಲ್ಲಿ ಮಂಡ್ಯ ತಾಲ್ಲೂಕಿನ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಹೆಣ್ಣು ಭ್ರೂಣಗಳನ್ನು ಪತ್ತೆಮಾಡುತ್ತಿದ್ದ ಜಾಲ ಬಯಲಿಗೆ ಬಂತು. 2024ರ ಮೇ ತಿಂಗಳಲ್ಲಿ ಪಾಂಡವಪುರದಲ್ಲಿ, ಆರೋಗ್ಯ ಇಲಾಖೆಯ ವಸತಿಗೃಹದಲ್ಲಿಯೇ ಗರ್ಭಪಾತ ನಡೆಯುತ್ತಿದ್ದುದನ್ನು ಅಧಿಕಾರಿಗಳು ಹಿಡಿದರು. ಬೆಲ್ಲ ಬೇಯುವ ಮನೆಯನ್ನು ಇದಕ್ಕೆ ಆರಿಸಿಕೊಂಡರಲ್ಲ ಎಂದು ನಮ್ಮ ಅಜ್ಜಿ ಅಂದು ಊಟ ಬಿಟ್ಟಿದ್ದರು.

“ಪ್ರತಿ ಬಸಿರನ್ನೂ ಮೊದಲ ಮೂರು ತಿಂಗಳಲ್ಲೇ ಕಂಪ್ಯೂಟರಿಗೆ ಏರಿಸಿಬಿಟ್ಟರೆ ಇದು ನಿಲ್ಲುತ್ತದೆ” ಎಂದು ಹಲವರು ಹೇಳುತ್ತಾರೆ. ಸ್ವಲ್ಪಮಟ್ಟಿಗೆ ನಿಜ. ನಾಲ್ಕನೆಯ ತಿಂಗಳವರೆಗೆ ಕಂಡ ಬಸಿರು ಆಮೇಲೆ ಪಟ್ಟಿಯಿಂದ ಮಾಯವಾದರೆ ಯಂತ್ರ ಅದನ್ನು ಒಂದು ಕ್ಷಣದಲ್ಲಿ ತೋರಿಸಬಲ್ಲದು. ಬಾರದವರನ್ನು ತೋರಿಸುವ ಗುಣ ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಆದರೆ ತೋರಿಸಿದ ಮೇಲೆ ಆ ಮನೆಗೆ ಹೋಗಿ ಕೇಳುವವರು ಯಾರು? ಪಾಂಡವಪುರದಲ್ಲಿ ನಡೆದದ್ದು ಇಲಾಖೆಯ ಆವರಣದೊಳಗೇ ಎಂಬುದನ್ನು ಮರೆಯಬಾರದು. ಪಾಪ ಮಾಡುವವನು ದಾಖಲೆ ಬರೆಯುವುದಿಲ್ಲ. ಇದಕ್ಕಿಂತ ದೊಡ್ಡ ಭಯ ನನಗೆ ಇನ್ನೊಂದಿದೆ. ಎರಡು ಹೆಣ್ಣುಮಕ್ಕಳಿದ್ದು ಈಗ ಮೂರನೆಯ ಬಾರಿ ಬಸಿರಾಗಿರುವ ಹೆಂಗಸರು ಯಾರು ಯಾರು, ಅವರ ಗಂಡಂದಿರ ಫೋನ್ ಸಂಖ್ಯೆ ಏನು ಎಂಬ ಪಟ್ಟಿಗೆ ಆರೋಗ್ಯ ಇಲಾಖೆಯ ಲೆಕ್ಕದಲ್ಲಿ ಒಂದು ಬೆಲೆ. ಆಲೆಮನೆಯ ದಲ್ಲಾಳಿಯ ಲೆಕ್ಕದಲ್ಲಿ ಇನ್ನೊಂದು ಬೆಲೆ. ಹಿಂದೆ ಆ ಪಟ್ಟಿ ಮಾಡಬೇಕಾದರೆ ದಲ್ಲಾಳಿ ಊರೂರು ಸುತ್ತಬೇಕಾಗಿತ್ತು. ಅವನಿಗೆ ಒಂದೇ ಒಂದು ಪಾಸ್‌ವರ್ಡ್ ಸಿಕ್ಕರೆ ಏನಾದೀತೆಂದು ಯೋಚಿಸಿ ನೋಡಿ. ಆ ಪಾಸ್‌ವರ್ಡನ್ನು ಕಾಗದದ ಚೂರಿನಲ್ಲಿ ಬರೆದು ಪರದೆಗೆ ಅಂಟಿಸಿರುವುದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ಕಣ್ಣಾರೆ ಕಂಡಿದ್ದೇನೆ.

ಫೋನಿನ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಬೇಕು. ದಾಖಲೆಯನ್ನು ತೆರೆಯಲು ರೋಗಿಯ ಒಪ್ಪಿಗೆ ಬೇಕು, ಆ ಒಪ್ಪಿಗೆ ಫೋನಿಗೆ ಬರುವ ಓ.ಟಿ.ಪಿ.ಯಿಂದ ಎಂದು ಏರ್ಪಾಡು. ದೆಹಲಿಯಲ್ಲಿ ಕೂತು ಯೋಚಿಸಿದವರಿಗೆ ಒಬ್ಬ ಮನುಷ್ಯ, ಒಂದು ಫೋನು ಎಂದು ತೋರಿರಬೇಕು. ನಮ್ಮಲ್ಲಿ ಒಂದು ಮನೆ, ಒಂದು ಫೋನು. ಅದೂ ಗಂಡಸಿನ ಜೇಬಿನಲ್ಲಿ. ಅಜ್ಜಿಯ ಓ.ಟಿ.ಪಿ. ಮೈಸೂರಿನ ಮಾವನಿಗೆ ಬರುತ್ತದೆ. ಅವರು ಡ್ಯೂಟಿಯಲ್ಲಿದ್ದರೆ ಅಜ್ಜಿಗೆ ಒಪ್ಪಿಗೆಯೂ ಇಲ್ಲ, ಅಭಿಪ್ರಾಯವೂ ಇಲ್ಲ. ನಮ್ಮ ತರಗತಿಯ ಒಬ್ಬ ಸಹಪಾಠಿನಿ ತನ್ನ ಕಷ್ಟವನ್ನು ವೈದ್ಯರಲ್ಲಿ ಗುಟ್ಟಾಗಿ ಹೇಳಿಕೊಂಡು ಮನೆಗೆ ಬರುವುದರೊಳಗೆ ತಂದೆಯ ಫೋನಿಗೆ “ನಿಮ್ಮ ಭೇಟಿ ದಾಖಲಾಗಿದೆ” ಎಂದು ಸಂದೇಶ ಬಂದರೆ ಅವಳು ಇನ್ನೊಮ್ಮೆ ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಾಳೆಯೆ?

ಖಾಸಗಿತನವು ಪ್ರತಿಯೊಬ್ಬ ಪ್ರಜೆಯ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು 2017ರ ಆಗಸ್ಟ್ 24ರಂದು ಒಮ್ಮತದಿಂದ ತೀರ್ಪಿತ್ತರು. ಆ ಮೊಕದ್ದಮೆಯನ್ನು ಹೂಡಿದ್ದವರು ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. 2023ರಲ್ಲಿ ವ್ಯಕ್ತಿಗತ ಡಿಜಿಟಲ್ ಮಾಹಿತಿಯ ರಕ್ಷಣೆಗೆ ಕಾಯಿದೆಯಾಯಿತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಿದ್ದವು. ಕಾಯಿದೆ ಇದೆ. ಹಳ್ಳಿಯ ಕೇಂದ್ರದಲ್ಲಿ ಅದನ್ನು ಯಾರಾದರೂ ಓದಿದ್ದಾರೆಯೆ ಎಂಬುದು ಬೇರೆ ಮಾತು.

ಹಾಗಾದರೆ ಬೇಡವೆ? ಬೇಕು. ಅಜ್ಜಿಯ ಎರಡು ಚೀಟಿಗಳನ್ನು ನೆನೆದಾಗಲೆಲ್ಲ ಬೇಕೆಂದೇ ಅನ್ನಿಸುತ್ತದೆ. ಆದರೆ ಯಾರ ದಾಖಲೆಯೋ ಅವರ ಸ್ವತ್ತೆಂಬುದು ಮೊದಲು ಗಟ್ಟಿಯಾಗಲಿ. ಎಸ್ಟೋನಿಯಾ ಎಂಬ ಪುಟ್ಟ ದೇಶದಲ್ಲಿ 2008ರಿಂದ ಇಡೀ ದೇಶಕ್ಕೆ ಇಂಥ ದಾಖಲೆ ಇದೆ. ತನ್ನ ದಾಖಲೆಯನ್ನು ಯಾವ ವೈದ್ಯ ಎಂದು ತೆರೆದು ನೋಡಿದನೆಂಬುದನ್ನು ಅಲ್ಲಿಯ ಪ್ರಜೆ ತಾನೇ ನೋಡಿಕೊಳ್ಳಬಹುದು. ನಮ್ಮಲ್ಲಿಯೂ ಹಾಗಾಗಬೇಕು. ಹಿಂದಿನ ಕಾಲದ ವರ್ತಕರು ಬಟ್ಟೆಗೆ ಹುಣಿಸೆ ಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಮಾಡಿದ ಕಡತದಲ್ಲಿ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಬೇಡವಾದಾಗ ಒರೆಸಿ ಮತ್ತೆ ಬರೆಯುತ್ತಿದ್ದರು. ಒರೆಸಿದ್ದಕ್ಕೆ ಗುರುತಿರುತ್ತಿರಲಿಲ್ಲ. ಯಂತ್ರದ ಕಡತಕ್ಕೆ ಒರೆಸಿದವನ ಬೆರಳಿನ ಗುರುತನ್ನೂ ಇಟ್ಟುಕೊಳ್ಳುವ ಶಕ್ತಿಯಿದೆ. ಆ ಗುರುತು ಅಧಿಕಾರಿಗೆ ಕಂಡರೆ ಸಾಲದು, ಅಜ್ಜಿಗೆ ಕಾಣಬೇಕು. ಅಜ್ಜಿಗೆ ಕಾಣಬೇಕಾದರೆ ಕನ್ನಡದಲ್ಲಿರಬೇಕು. ಮಾತ್ರೆಯ ಹೆಸರು, ಯಾಕೆ, ಎಷ್ಟು ಹೊತ್ತಿಗೆ, ಯಾರು ಬರೆದದ್ದು, ಇಷ್ಟನ್ನು ಕನ್ನಡದಲ್ಲಿ ಅಚ್ಚುಹಾಕಿ ಪ್ರತಿ ಸಲವೂ ಕೈಗೆ ಕೊಡಲಿ. ಸಿಗ್ನಲ್ ಇಲ್ಲದ ದಿನ, ಕರೆಂಟು ಇಲ್ಲದ ದಿನ, ಮುಂಬಯಿಗೆ ಹೋದ ದಿನ ಆ ಕಾಗದವೇ ದಿಕ್ಕು. ನಮ್ಮ ಚಿಕ್ಕಮ್ಮನಂಥವರು ಒಂದು ಸಲ ಮಾತ್ರ ಬರೆಯುವಂತಾಗಲಿ. ಯಂತ್ರಕ್ಕೆ ಇನ್ನೆರಡು ಕಡೆಗೆ ಬೇಕಾದರೆ ಅದೇ ನಕಲು ಮಾಡಿಕೊಳ್ಳಲಿ, ನಕಲು ಮಾಡುವುದರಲ್ಲಿ ಅದು ನಮ್ಮ ಪರೀಕ್ಷಾರ್ಥಿಗಳಿಗಿಂತ ನಿಪುಣವಾದದ್ದು. ಎರಡು ಹೆಣ್ಣುಮಕ್ಕಳ ತಾಯಂದಿರ ಪಟ್ಟಿಯಂಥದನ್ನು ತೆಗೆಯುವ ಅಧಿಕಾರ ಒಂದು ತಾಲ್ಲೂಕಿಗೆ ಒಬ್ಬರಿಗೆ ಮಾತ್ರ ಇರಲಿ, ಅವರು ತೆಗೆದಾಗಲೆಲ್ಲ ಇನ್ನೊಬ್ಬರಿಗೆ ತಿಳಿಯಲಿ. ಇಷ್ಟನ್ನು ಮಾಡದೆ ಬರಿಯ ಪರದೆಯನ್ನು ತಂದು ಕೂರಿಸುವುದಾದರೆ ನಾನು ಈಗಿಂದೀಗಲೇ ಎದುರು ಪಕ್ಷಕ್ಕೆ ಸೇರುತ್ತೇನೆ. ಬಹುಮಾನದಲ್ಲಿ ಪಾಲು ಕೇಳುವುದಿಲ್ಲ.

ಕಳೆದ ತಿಂಗಳು ಊರಿಗೆ ಹೋದಾಗ ಅಜ್ಜಿಗೆ ‘ಆಭಾ’ ಕಾರ್ಡು ಬಂದಿತ್ತು. ಆಶಾ ಕಾರ್ಯಕರ್ತೆ ಬಂದು ಮಾಡಿಸಿಕೊಟ್ಟರಂತೆ. ಅಜ್ಜಿ ಈಗ ಕೋಲು ಹಿಡಿದು ನಡೆಯುತ್ತಾರೆ. ಕೋಲನ್ನು ಗೋಡೆಗೆ ಒರಗಿಸಿ, ಮೊಳೆಯಿಂದ ಚೀಲವನ್ನು ತೆಗೆಸಿ, ಕಾರ್ಡನ್ನು ನನ್ನ ಕೈಗೆ ಕೊಟ್ಟು, “ಇದ್ರಲ್ಲಿ ಆ ಎರಡು ಮಾತ್ರೆ ವಿಷ್ಯ ಬರ್ದವ್ರಾ ನೋಡಪ್ಪ” ಎಂದರು. ಮಾವನಿಗೆ ಫೋನು ಮಾಡಿ ಓ.ಟಿ.ಪಿ. ಕೇಳಿ ತೆರೆದು ನೋಡಿದೆ. ಹೆಸರಿತ್ತು, ಜನವರಿ 1 ಇತ್ತು. ಕೆಳಗೆ ಯಾವ ದಾಖಲೆಯೂ ಇರಲಿಲ್ಲ. “ಇನ್ನೂ ಬರ್ದಿಲ್ಲ ಅಜ್ಜಿ” ಎಂದೆ. ಅಜ್ಜಿ ಕಾರ್ಡನ್ನು ಚೀಟಿಗಳ ನಡುವೆ ಸೇರಿಸಿ ಚೀಲವನ್ನು ಮತ್ತೆ ಮೊಳೆಗೆ ತೂಗುಹಾಕಿಸಿದರು.